ಎಸಿ ಗ್ಯಾಸ್ ಖಾಲಿ ಆಗೋದಿಲ್ಲ ಸ್ವಾಮಿ!

ಮಾರ್ಚ್ ತಿಂಗಳು ಬಂತು ಅಂದ್ರೆ ನಮ್ಮ ರಾಜ್ಯದ ಎಸಿ ಇರೋ ಮನೆಗಳಲ್ಲೆಲ್ಲ ಒಂದೇ ಡೈಲಾಗ್. ಸ್ವಿಚ್ ಹಾಕ್ತಾರೆ, ಗಾಳಿ ಬರುತ್ತೆ, ತಂಪು ಬರಲ್ಲ. ಮೆಕ್ಯಾನಿಕ್‌ಗೆ ಫೋನ್ ಹೋಗುತ್ತೆ. ಆತ ಬಂದು ಹೊರಗಡೆ ಇರೋ ಯೂನಿಟ್‌ಗೆ ಒಂದು ಮೀಟರ್ ಸಿಕ್ಕಿಸ್ತಾನೆ, ಮುಳ್ಳು ನೋಡಿ ತಲೆ ಅಲ್ಲಾಡಿಸ್ತಾನೆ. "ಗ್ಯಾಸ್ ಖಾಲಿ ಆಗಿದೆ ಸಾರ್, ಫುಲ್ ಹಾಕ್ಬೇಕು." ಎರಡೂವರೆ ಸಾವಿರವೋ ಮೂರೂವರೆ ಸಾವಿರವೋ ಎಣಿಸಿ ಕೊಡ್ತೀವಿ. ರೂಮು ತಂಪಾಗುತ್ತೆ, ಎಲ್ಲರೂ ಖುಷಿ. ಮುಂದಿನ ಮಾರ್ಚ್‌ಗೆ ಮತ್ತೆ ಅದೇ ಮೆಕ್ಯಾನಿಕ್, ಅದೇ ಮೀಟರ್, ಅದೇ ಮಾತು.

ಖಾಲಿ ಆಗೋದಕ್ಕೆ ಅದೇನು ಸ್ಕೂಟರಿನ ಪೆಟ್ರೋಲಾ? ಅಡುಗೆಮನೆಯ ಸಿಲಿಂಡರಾ? ನಿಮ್ಮ ಮನೆಯ ಫ್ರಿಜ್ ನೋಡಿ. ಅದರೊಳಗೂ ಇಂಥದ್ದೇ ಗ್ಯಾಸ್ ಇದೆ, ಅದೂ ಇದೇ ತತ್ವದ ಮೇಲೆ ನಡೆಯೋ ಯಂತ್ರ. ಹತ್ತು ಹದಿನೈದು ವರ್ಷ ಹಗಲೂ ರಾತ್ರಿ ಓಡುತ್ತೆ. ಅದಕ್ಕೆ ಪ್ರತಿ ಬೇಸಿಗೆ ಗ್ಯಾಸ್ ಹಾಕಿಸ್ತೀರಾ? ಇಲ್ಲ ತಾನೆ. ಹಾಗಾದ್ರೆ ವರ್ಷಕ್ಕೆ ಮೂರು ನಾಲ್ಕು ತಿಂಗಳು ಓಡೋ ಎಸಿಗೆ ಯಾಕೆ ಹಾಕಿಸ್ತೀರಿ?

ಈ ವಿಷಯ ನಾನು ಕಾರ್ಯಕ್ರಮದಲ್ಲಿ ಎತ್ತಿಕೊಳ್ಳೋಕೆ ಕಾರಣ ಕಲಬುರಗಿಯಿಂದ ಬಂದ ಒಂದು ಫೋನು. ನಿವೃತ್ತ ಮೇಷ್ಟ್ರು. "ನಮ್ಮವ್ವಗ ಎಂಬತ್ತರ ಮ್ಯಾಲ ಆಗ್ಯದ್ರೀ ಸರ್. ಈ ಬಿಸಲಾಗ ಎಸಿ ಬಂದಾದ್ರ ಭಾಳ ತ್ರಾಸ್ ಆಗ್ತದ. ಮೂರು ವರ್ಷದಾಗ ಮೂರು ಸಲ ಗ್ಯಾಸ್ ಹಾಕಿಸೀನ್ರೀ. ಪೆನ್ಶನ್ ಎಲ್ಲಾ ಇದಕ್ಕ ಹೋಗಾಕ್ ಹತ್ತೇದ" ಅಂದ್ರು. ಕಲಬುರಗಿ, ರಾಯಚೂರು ಕಡೆ ಬೇಸಿಗೆ ಅಂದ್ರೆ ನಲವತ್ತು ಡಿಗ್ರಿ ದಾಟೋದು ಮಾಮೂಲಿ. ಅಲ್ಲಿ ವಯಸ್ಸಾದವರು ಇರೋ ಮನೆಗೆ ಎಸಿ ಅನ್ನೋದು ಶೋಕಿ ಅಲ್ಲ. ಬೆಂಗಳೂರಿನವರೂ ಈಗ ನಗೋ ಹಾಗಿಲ್ಲ, 2016ರ ಏಪ್ರಿಲ್‌ನಲ್ಲಿ ನಮ್ಮ ಗಾರ್ಡನ್ ಸಿಟಿಯೇ 39.2 ಡಿಗ್ರಿ ಕಂಡಿದೆ.

ಮೇಷ್ಟ್ರಿಗೆ ಏನು ಹೇಳಿದೆ ಅನ್ನೋದು ಆಮೇಲೆ. ಮೊದಲು ಈ ಡಬ್ಬಿಯೊಳಗೆ ನಡೆಯೋದೇನು ಅಂತ ನೋಡೋಣ. ಅದು ಗೊತ್ತಾದ್ರೆ ಅರ್ಧ ಮೋಸ ಅಲ್ಲೇ ನಿಲ್ಲುತ್ತೆ.

ಇಂಜೆಕ್ಷನ್ ಚುಚ್ಚೋದಕ್ಕೆ ಮುಂಚೆ ನರ್ಸಮ್ಮ ತೋಳಿಗೆ ಸ್ಪಿರಿಟ್ ಹಚ್ತಾರಲ್ಲ, ಆಗ ಜುಮ್ ಅಂತ ತಂಪಾಗುತ್ತೆ. ಸ್ಪಿರಿಟ್ ಆವಿಯಾಗೋಕೆ ಶಾಖ ಬೇಕು, ಅದನ್ನ ನಿಮ್ಮ ಚರ್ಮದಿಂದಲೇ ಎಳೆದುಕೊಳ್ಳುತ್ತೆ. ಮಣ್ಣಿನ ಮಡಕೆಯ ನೀರು ತಣ್ಣಗಿರೋದೂ ಇದೇ ಕಾರಣಕ್ಕೆ. ಎಸಿಯಲ್ಲೂ ನಡೆಯೋದು ಇದೇ. ರೂಮಿನೊಳಗಿನ ಯೂನಿಟ್‌ನ ತಾಮ್ರದ ಕೊಳವೆಗಳಲ್ಲಿ ಒಂದು ದ್ರವ ಆವಿಯಾಗುತ್ತೆ, ಆವಿಯಾಗ್ತಾ ರೂಮಿನ ಶಾಖ ಹೀರುತ್ತೆ. ಆ ಆವಿಯನ್ನ ಹೊರಗಿನ ಯೂನಿಟ್‌ನಲ್ಲಿರೋ ಕಂಪ್ರೆಸರ್ ಅಮುಕಿ ಇನ್ನಷ್ಟು ಬಿಸಿ ಮಾಡುತ್ತೆ. ಹೊರಗಿನ ಫ್ಯಾನು ಆ ಬಿಸಿಯನ್ನ ಬೀದಿಗೆ ಊದುತ್ತೆ. ಶಾಖ ಕಳಕೊಂಡ ಆವಿ ಮತ್ತೆ ದ್ರವವಾಗಿ, ಸಣ್ಣ ದಾರಿಯೊಂದರಲ್ಲಿ ತೂರಿ, ಒತ್ತಡ ಇಳಿದು, ತಣ್ಣಗಾಗಿ ರೂಮಿನ ಯೂನಿಟ್‌ಗೆ ವಾಪಸ್.

ಅಂದ್ರೆ ಎಸಿ ತಂಪನ್ನ ತಯಾರು ಮಾಡೋದೇ ಇಲ್ಲ. ಒಳಗಿನ ಶಾಖವನ್ನ ಹೊತ್ತು ಹೊರಗೆ ಹಾಕುತ್ತೆ. ಗ್ಯಾಸ್ ಅನ್ನೋದು ಇಲ್ಲಿ ಎಪಿಎಂಸಿ ಯಾರ್ಡಿನ ಹಮಾಲಿ ಇದ್ದ ಹಾಗೆ. ಮೂಟೆ ಹೊರ್ತಾನೆ, ಇಳಿಸ್ತಾನೆ, ಮತ್ತೆ ಬರ್ತಾನೆ. ಮೂಟೆ ಹೊತ್ತ ಅಂತ ಹಮಾಲಿ ಕರಗಿ ಹೋಗ್ತಾನಾ? ಒಂದೂವರೆ ಟನ್ನಿನ ಎಸಿಯಲ್ಲಿ ಇರೋ ಗ್ಯಾಸು ಸುಮಾರು ಮುಕ್ಕಾಲು ಕೆಜಿಯಿಂದ ಒಂದು ಕೆಜಿ ಆಸುಪಾಸು. ಅಷ್ಟೇ ಗ್ಯಾಸು ಯಂತ್ರದ ಆಯುಸ್ಸು ಮುಗಿಯೋವರೆಗೂ ಸುತ್ತುತ್ತಾ ಇರಬೇಕು. ಕಡಿಮೆಯಾಗಿದೆ ಅಂದ್ರೆ ಎಲ್ಲೋ ತೂತಾಗಿದೆ ಅಂತ ಅರ್ಥ.

ಹಾಗಾದ್ರೆ ಫ್ರಿಜ್‌ನಲ್ಲಿ ಆಗದ ತೂತು ಎಸಿಯಲ್ಲಿ ಯಾಕೆ? ಉತ್ತರ ಸರಳ. ಫ್ರಿಜ್‌ನ ಕೊಳವೆಗಳನ್ನ ಫ್ಯಾಕ್ಟರಿಯಲ್ಲೇ ಬೆಸುಗೆ ಹಾಕಿ ಮುಚ್ಚಿ ಕಳಿಸ್ತಾರೆ. ಸ್ಪ್ಲಿಟ್ ಎಸಿಯ ಅರ್ಧ ಕೆಲಸ ನಡೆಯೋದು ನಿಮ್ಮ ಮನೆಯಲ್ಲಿ. ಒಳಗಿನ ಯೂನಿಟ್ ಮತ್ತು ಹೊರಗಿನ ಯೂನಿಟ್‌ಗೆ ಸಂಪರ್ಕ ಕೊಡೋ ತಾಮ್ರದ ಪೈಪನ್ನ ಮೆಕ್ಯಾನಿಕ್ ಅಲ್ಲೇ ನಿಂತು ಕತ್ತರಿಸ್ತಾನೆ. ಅದರ ತುದಿಯನ್ನ ತುತ್ತೂರಿ ಬಾಯಿಯ ಹಾಗೆ ಅಗಲ ಮಾಡಿ ಹಿತ್ತಾಳೆ ನಟ್ಟಿನಿಂದ ಬಿಗೀತಾನೆ. ಇದಕ್ಕೆ ಫ್ಲೇರ್ ಅಂತಾರೆ. ತುದಿ ಸೊಟ್ಟಗಿದ್ರೆ, ಬಿಗಿ ಕಡಿಮೆಯಾದ್ರೆ, ಜಾಸ್ತಿಯಾಗಿ ತಾಮ್ರ ಸೀಳಿದ್ರೆ, ಅಲ್ಲಿಂದ ಗ್ಯಾಸು ಸಣ್ಣಗೆ ಸೋರೋಕೆ ಶುರು. ಕಂಪ್ರೆಸರ್‌ನ ನಡುಕ ಬೇರೆ. ಹನ್ನೆರಡು ತಿಂಗಳು ನಿಧಾನ ಸೋರಿ ಸರಿಯಾಗಿ ಮುಂದಿನ ಬೇಸಿಗೆಗೆ ಕೈಕೊಡುತ್ತೆ. 'ವರ್ಷಕ್ಕೊಂದು ಸಲ ಗ್ಯಾಸ್ ಹಾಕಿಸ್ಬೇಕು' ಅನ್ನೋ ಶಾಸ್ತ್ರ ಹುಟ್ಟಿದ್ದೇ ಹೀಗೆ!

ಇನ್ನೊಂದು ಸೋರಿಕೆ ಕಾಯಿಲಿನದ್ದು. ಮಂಗಳೂರು, ಉಡುಪಿ, ಕಾರವಾರದಲ್ಲಿ ಕಡಲ ಗಾಳಿಯ ಉಪ್ಪು ಹೊರಗಿನ ಯೂನಿಟ್‌ನ ಲೋಹವನ್ನ ತಿನ್ನುತ್ತೆ. ಬೆಂಗಳೂರಿಗೆ ಸಮುದ್ರ ಇಲ್ಲ, ಆದ್ರೆ ವೃಷಭಾವತಿ ಇದೆಯಲ್ಲ! ಕೊಳಚೆ ನೀರು ಕೊಳೆತಾಗ ಬರೋ ಕೊಳೆತ ಮೊಟ್ಟೆಯ ವಾಸನೆ ಗೊತ್ತಲ್ಲ, ಅದು ಹೈಡ್ರೋಜನ್ ಸಲ್ಫೈಡ್. ತಾಮ್ರಕ್ಕೆ ಅದು ಶತ್ರು. ರಾಜಕಾಲುವೆ ಪಕ್ಕದ ಮನೆಗಳಲ್ಲಿ ಹೊಸ ಎಸಿಯ ಕಾಯಿಲ್ ಕಪ್ಪಗಾಗಿ ಬೇಗ ತೂತು ಬೀಳೋದಕ್ಕೆ ಇದೂ ಒಂದು ಕಾರಣ. ಕೆರೆಗೆ, ನದಿಗೆ ಚರಂಡಿ ಬಿಟ್ಟ ಪುಣ್ಯಾತ್ಮರ ಲೆಕ್ಕದಲ್ಲಿ ಇದನ್ನೂ ಸೇರಿಸಿಕೊಳ್ಳಿ.

ಈಗ ಮೇಷ್ಟ್ರ ವಿಷಯಕ್ಕೆ ಬರ್ತೀನಿ. ನಾನು ಹೇಳಿದ್ದು ಇಷ್ಟೇ: "ಮೇಷ್ಟ್ರೇ, ಮೆಕ್ಯಾನಿಕ್ ಬಂದಾಗ ಒಂದೇ ಒಂದು ಪ್ರಶ್ನೆ ಕೇಳಿ. ಎಲ್ಲಿ ಸೋರ್ತಾ ಇದೆ, ತೋರಿಸಪ್ಪ ಅನ್ನಿ. ತೋರಿಸಿ, ರಿಪೇರಿ ಮಾಡಿ, ಆಮೇಲೆ ಗ್ಯಾಸ್ ಹಾಕು ಅನ್ನಿ." ಮೂರು ವರ್ಷ ಗ್ಯಾಸ್ ಹಾಕಿದ್ದ ಆಸಾಮಿ ಆ ಪ್ರಶ್ನೆ ಕೇಳಿದ ಮೇಲೆ ಫೋನೇ ಎತ್ತಲಿಲ್ಲವಂತೆ. ಐಟಿಐ ಓದಿದ ಹುಡುಗನೊಬ್ಬ ಬಂದ. ಹೊರಗಿನ ಯೂನಿಟ್‌ನ ಹತ್ತಿರ ಪೈಪಿಗೆ ಸೋಪಿನ ನೀರು ಹಚ್ಚಿದ, ನಟ್ಟಿನ ಹತ್ತಿರ ಗುಳ್ಳೆ ಬಂತು. ಪೈಪಿನ ತುದಿ ಕತ್ತರಿಸಿ ಹೊಸದಾಗಿ ಫ್ಲೇರ್ ಮಾಡಿ, ನಟ್ ಬದಲಾಯಿಸಿ, ಗ್ಯಾಸ್ ತುಂಬಿದ. "ಒಂದು ನಟ್ಟಿನ ಸಲುವಾಗಿ ಮೂರು ವರ್ಷ ರೊಕ್ಕ ಕಟ್ಟೀನಿ ನೋಡ್ರೀ" ಅಂತ ಮೇಷ್ಟ್ರು ನಕ್ಕರು. ನನಗೆ ನಗು ಬರಲಿಲ್ಲ.

ಸರಿಯಾದ ಕೆಲಸ ಅಂದ್ರೆ ಹೇಗಿರುತ್ತೆ ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಕೆಲಸಗಾರನ ಪಕ್ಕದಲ್ಲಿ ನಿಂತು ನೋಡೋರು ನೀವೇ. ಗ್ಯಾಸು ಪೂರ್ತಿ ಹೋಗಿದ್ರೆ ಮೊದಲು ನೈಟ್ರೋಜನ್ ತುಂಬಿ ಒತ್ತಡ ಕೊಡಬೇಕು. ಆ ಒತ್ತಡದಲ್ಲಿ ಸೋಪಿನ ನೀರು ಹಚ್ಚಿದ್ರೆ ಸಣ್ಣ ತೂತೂ ಗುಳ್ಳೆ ಬಿಟ್ಟು ಮುಖ ತೋರಿಸುತ್ತೆ. ನೈಟ್ರೋಜನ್ ಇಲ್ಲ ಅಂತ ಆಕ್ಸಿಜನ್ ಸಿಲಿಂಡರ್ ತಂದ್ರೆ ದಯವಿಟ್ಟು ಅಲ್ಲೇ ನಿಲ್ಲಿಸಿ. ಒಳಗೆ ಕಂಪ್ರೆಸರ್ ಎಣ್ಣೆ ಇದೆ. ಒತ್ತಡದ ಆಕ್ಸಿಜನ್ ಅದರ ಜೊತೆ ಸೇರಿದ್ರೆ ಸ್ಫೋಟ ಆಗುತ್ತೆ, ಮೊದಲು ಸಾಯೋನು ಆ ಮೆಕ್ಯಾನಿಕ್ಕೇ.

ತೂತು ಮುಚ್ಚಿದ ಮೇಲೆ ವ್ಯಾಕ್ಯೂಮ್ ಪಂಪ್. ಇದನ್ನೇ ನಮ್ಮವರು ತಪ್ಪಿಸೋದು. ಪೈಪಿನೊಳಗೆ ಹೊಕ್ಕ ಗಾಳಿ, ತೇವ ಎರಡನ್ನೂ ಪಂಪ್ ಹಚ್ಚಿ ಎಳೆದು ತೆಗೀಬೇಕು. ಕನಿಷ್ಠ ಇಪ್ಪತ್ತು ಮೂವತ್ತು ನಿಮಿಷದ ಕೆಲಸ, ಆಮೇಲೆ ಪಂಪ್ ನಿಲ್ಲಿಸಿ ಮುಳ್ಳು ಅಲ್ಲೇ ನಿಲ್ಲುತ್ತಾ ಅಂತ ಕಾಯಬೇಕು. ತೇವ ಉಳಿದ್ರೆ ಸಣ್ಣ ದಾರಿಯಲ್ಲಿ ಐಸ್ ಕಟ್ಟುತ್ತೆ, ಎಣ್ಣೆ ಜೊತೆ ಸೇರಿ ಆಮ್ಲವಾಗಿ ಕಂಪ್ರೆಸರ್ ವೈಂಡಿಂಗ್ ತಿನ್ನುತ್ತೆ. ಅದು ಇವತ್ತು ಗೊತ್ತಾಗಲ್ಲ. ಎರಡು ವರ್ಷಕ್ಕೆ ಕಂಪ್ರೆಸರ್ ಹೋದಾಗ 'ಕಂಪನಿ ಮಾಲೇ ಸರಿ ಇಲ್ಲ' ಅಂತ ಬೈತೀವಿ. ಕೊನೆಗೆ ಗ್ಯಾಸು. ಹೊರಗಿನ ಯೂನಿಟ್‌ನ ಮೇಲೆ ಅಂಟಿಸಿರೋ ಪಟ್ಟಿಯಲ್ಲಿ ಯಾವ ಗ್ಯಾಸು, ಎಷ್ಟು ಗ್ರಾಂ ಅಂತ ಅಚ್ಚು ಹಾಕಿರ್ತಾರೆ. ಸಿಲಿಂಡರನ್ನ ತಕ್ಕಡಿ ಮೇಲೆ ಇಟ್ಟು ಅಷ್ಟೇ ಗ್ರಾಂ ಹಾಕಬೇಕು. ಚಿನ್ನ ಕೊಳ್ಳುವಾಗ ಮಿಲಿಗ್ರಾಂ ನೋಡೋ ನಾವು ಇಲ್ಲಿ 'ಫುಲ್ ಹಾಕಪ್ಪ' ಅಂತೀವಲ್ಲ!

ತಂಪು ಬರ್ತಿಲ್ಲ ಅಂದ ಕೂಡಲೇ ಗ್ಯಾಸೇ ಹೋಗಿರಬೇಕು ಅಂತೇನೂ ಇಲ್ಲ. ಒಳಗಿನ ಫಿಲ್ಟರಲ್ಲಿ ಧೂಳು ಕಟ್ಟಿದ್ರೆ ಗಾಳಿ ಹೋಗಲ್ಲ, ಕಾಯಿಲ್ ಮೇಲೆ ಐಸ್ ಕಟ್ಟುತ್ತೆ. ನೋಡಿದವರು ಗ್ಯಾಸ್ ಪ್ರಾಬ್ಲಮ್ ಅಂತಾರೆ. ಫಿಲ್ಟರ್ ತೊಳೆಯೋಕೆ ಮೆಕ್ಯಾನಿಕ್ ಬೇಡ, ಮುಚ್ಚಳ ಎತ್ತಿ ತೆಗೆದು ನಲ್ಲಿ ಕೆಳಗೆ ಹಿಡಿದು ನೆರಳಲ್ಲಿ ಒಣಗಿಸಿ, ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ. ಹೊರಗಿನ ಯೂನಿಟ್ ಗುಂಯ್ ಅಂತಿದೆ, ಸ್ಟಾರ್ಟ್ ಆಗ್ತಿಲ್ಲ ಅಂದ್ರೆ ಕೆಪಾಸಿಟರ್ ಹೋಗಿರಬಹುದು, ಅದು ಕೆಲವು ನೂರು ರೂಪಾಯಿ ಬಾಬ್ತು. ಆದ್ರೆ ಅದಕ್ಕೆ ನೀವು ಕೈ ಹಾಕಬೇಡಿ, ಸ್ವಿಚ್ ಆಫ್ ಮಾಡಿದ ಮೇಲೂ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತೆ. ರೂಮಿನೊಳಗೆ ನೀರು ತೊಟ್ಟಿಕ್ತಾ ಇದ್ರೆ ಸಾಮಾನ್ಯವಾಗಿ ಡ್ರೈನ್ ಪೈಪ್ ಕಟ್ಟಿದೆ ಅಂತ. ಇನ್ವರ್ಟರ್ ಎಸಿಯಲ್ಲಂತೂ ಕಂಪ್ರೆಸರ್ ವೇಗವೇ ಹೆಚ್ಚು ಕಡಿಮೆ ಆಗ್ತಾ ಇರುತ್ತೆ, ಅದರ ಜೊತೆ ಮೀಟರಿನ ಮುಳ್ಳೂ ಓಡಾಡುತ್ತೆ. ಮುಳ್ಳು ಒಂದನ್ನೇ ನೋಡಿ ಗ್ಯಾಸ್ ಖಾಲಿ ಅಂತ ತೀರ್ಪು ಕೊಡೋನಿಗೆ ಒಂದೋ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಹೇಳ್ತಿದ್ದಾನೆ.

ಇಷ್ಟು ಹೊತ್ತು ನಿಮ್ಮ ಜೇಬಿನ ಕಥೆ ಆಯ್ತು. ಸೋರಿದ ಗ್ಯಾಸು ಎಲ್ಲಿ ಹೋಗುತ್ತೆ?

ಹಳೇ ಎಸಿಗಳಲ್ಲಿ ಇರೋದು ಆರ್-22. ಇದು ಓಝೋನ್ ಪದರವನ್ನ ತಿನ್ನೋ ಗ್ಯಾಸು. ಇಂಥವನ್ನ ನಿಲ್ಲಿಸೋಕೆ 1987ರ ಸೆಪ್ಟೆಂಬರ್ 16ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಜಗತ್ತಿನ ದೇಶಗಳು ಒಪ್ಪಂದ ಮಾಡಿಕೊಂಡ್ವು. ನಮ್ಮ ದೇಶ 2024ರ ಕೊನೆಯ ಹೊತ್ತಿಗೆ ಹೊಸ ಯಂತ್ರಗಳ ತಯಾರಿಕೆಯಲ್ಲಿ ಈ ವರ್ಗದ ಗ್ಯಾಸ್ ಬಳಸೋದನ್ನ ಬಿಟ್ಟಿದೆ. ಇದಾದ ಮೇಲೆ ಬಂದ ಆರ್-410ಎ ಓಝೋನಿಗೆ ಕೆಡುಕು ಮಾಡಲ್ಲ, ಆದ್ರೆ ಭೂಮಿಯನ್ನ ಬಿಸಿ ಮಾಡೋದರಲ್ಲಿ ಅಪ್ಪ. ಒಂದು ಕೆಜಿ ಆರ್-410ಎ ಗಾಳಿಗೆ ಹೋದ್ರೆ ಸುಮಾರು ಎರಡು ಸಾವಿರ ಕೆಜಿ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟೇ ಪರಿಣಾಮ. ಲೆಕ್ಕ ಹಾಕಿ ನೋಡಿ, ಒಂದು ಲೀಟರ್ ಪೆಟ್ರೋಲ್ ಸುಟ್ರೆ ಬರೋದು ಎರಡು ಕೆಜಿ ಚಿಲ್ಲರೆ. ಅಂದ್ರೆ ನಿಮ್ಮ ಎಸಿಯಿಂದ ಸೋರಿದ ಒಂದು ಕೆಜಿ ಗ್ಯಾಸು ಸುಮಾರು ಒಂಬೈನೂರು ಲೀಟರ್ ಪೆಟ್ರೋಲಿಗೆ ಸಮ. ಮೇಷ್ಟ್ರ ಮನೆಯ ಒಂದು ನಟ್ಟು ಮೂರು ವರ್ಷದಲ್ಲಿ ಮಾಡಬಲ್ಲ ಕಾರುಬಾರು ಇದು. 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಇಂಥ ಗ್ಯಾಸುಗಳನ್ನೂ ಇಳಿಸ್ತಾ ಬರಬೇಕು ಅಂತ ತೀರ್ಮಾನ ಆಯ್ತು, ಭಾರತ 2021ರಲ್ಲಿ ಅದನ್ನ ಅಂಗೀಕರಿಸಿತು.

ಈಗ ಅಂಗಡಿಯಲ್ಲಿ ಸಿಗೋ ಬಹುತೇಕ ಎಸಿಗಳಲ್ಲಿ ಇರೋದು ಆರ್-32. ಬಿಸಿ ಮಾಡೋ ಶಕ್ತಿ ಆರ್-410ಎಯ ಮೂರನೇ ಒಂದು ಭಾಗ. ಒಳ್ಳೇದೇ. ಆದ್ರೆ ಇದಕ್ಕೆ ಬೆಂಕಿ ಹತ್ತೋ ಗುಣ ಸ್ವಲ್ಪ ಮಟ್ಟಿಗೆ ಇದೆ. ಕೆಲವು ಮಾಡೆಲ್‌ಗಳಲ್ಲಿ ಬರೋ ಆರ್-290 ಅಂದ್ರೆ ಪ್ರೊಪೇನ್. ನಮ್ಮ ಅಡುಗೆ ಗ್ಯಾಸಿನಲ್ಲೂ ಇರೋ ಪದಾರ್ಥವೇ ಅದು, ಚೆನ್ನಾಗಿ ಉರಿಯುತ್ತೆ. ಆರ್-32ರ ಒತ್ತಡವಂತೂ ಹಳೇ ಆರ್-22ರ ಒಂದೂವರೆ ಪಟ್ಟಿಗಿಂತ ಹೆಚ್ಚು. ಹಳೇ ಮೀಟರು, ಹಳೇ ಪೈಪು, ಹಳೇ ಅಭ್ಯಾಸ ಇಟ್ಟುಕೊಂಡು, ಬಾಯಲ್ಲಿ ಬೀಡಿ, ಕೈಯಲ್ಲಿ ಬೆಸುಗೆ ಬೆಂಕಿ ಹಿಡಿದು ಈ ಗ್ಯಾಸಿನ ಹತ್ತಿರ ಕೂತ್ರೆ ಏನಾಗುತ್ತೆ ಯೋಚನೆ ಮಾಡಿ.

ಅದಕ್ಕೇ ಕೇಂದ್ರ ಸರ್ಕಾರ 2019ರಲ್ಲಿ ಹೊರಡಿಸಿದ ಇಂಡಿಯಾ ಕೂಲಿಂಗ್ ಆ್ಯಕ್ಷನ್ ಪ್ಲಾನ್‌ನಲ್ಲಿ ಒಂದು ಲಕ್ಷ ಎಸಿ, ಫ್ರಿಜ್ ಟೆಕ್ನಿಶಿಯನ್‌ಗಳಿಗೆ ತರಬೇತಿ ಕೊಟ್ಟು ಸರ್ಟಿಫಿಕೇಟ್ ಕೊಡೋ ಗುರಿ ಇಟ್ಟುಕೊಳ್ತು. ಐಟಿಐಗಳಲ್ಲಿ ಎರಡು ವರ್ಷದ ರೆಫ್ರಿಜರೇಶನ್ ಮತ್ತು ಏರ್ ಕಂಡೀಶನಿಂಗ್ ಕೋರ್ಸೇ ಇದೆ. ಮನೆಗೆ ಬಂದವನನ್ನ 'ತರಬೇತಿ ಆಗಿದೆಯೇನಪ್ಪ' ಅಂತ ಕೇಳೋದರಲ್ಲಿ ಅವಮಾನ ಏನೂ ಇಲ್ಲ. ಡಾಕ್ಟರ ಬೋರ್ಡ್ ನೋಡಲ್ವಾ?

ಈಗ ಮೆಕ್ಯಾನಿಕ್ ಪರ ಎರಡು ಮಾತು. ಇವರನ್ನೆಲ್ಲ ಕಳ್ಳರು ಅಂತ ಬೈದು ಕೈತೊಳೆದುಕೊಳ್ಳೋದು ಸುಲಭ. ನಾವು ಮಾಡೋದೇನು? ಯಾರು ಕಮ್ಮಿ ಅಂತಾರೋ ಅವರನ್ನ ಕರೀತೀವಿ. ನಾನ್ನೂರು ರೂಪಾಯಿ ಸರ್ವಿಸ್ ಚಾರ್ಜ್ ಕೊಟ್ಟು ನೈಟ್ರೋಜನ್, ವ್ಯಾಕ್ಯೂಮ್, ತಕ್ಕಡಿ, ಎರಡು ಗಂಟೆ ಕೆಲಸ ಎಲ್ಲ ಬೇಕು ಅಂದ್ರೆ ಆ ಹುಡುಗ ಎಲ್ಲಿಂದ ತರ್ತಾನೆ? ಸೋರಿಕೆ ಹುಡುಕೋದಕ್ಕೆ ಹಿಡಿಯೋ ಹೊತ್ತಿಗೆ ಯಾರೂ ದುಡ್ಡು ಕೊಡಲ್ಲ. ಗ್ಯಾಸಿಗೆ ಕೊಡ್ತಾರೆ. ಹಾಗಾಗಿ ಅವನು ಗ್ಯಾಸು ಮಾರ್ತಾನೆ.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಬೆಂಗಳೂರಿನ ಯಾವುದೇ ಅಪಾರ್ಟ್‌ಮೆಂಟನ್ನ ಕೆಳಗಿನಿಂದ ತಲೆ ಎತ್ತಿ ನೋಡಿ. ನಾಲ್ಕನೇ ಮಹಡಿ, ಐದನೇ ಮಹಡಿಯ ಗೋಡೆಗೆ ಎರಡು ಕಬ್ಬಿಣದ ಬ್ರಾಕೆಟ್, ಅದರ ಮೇಲೆ ಮೂವತ್ತು ನಲವತ್ತು ಕೆಜಿ ಯೂನಿಟ್. ಅದನ್ನ ಸರ್ವಿಸ್ ಮಾಡೋನು ಎಲ್ಲಿ ನಿಲ್ಲಬೇಕು? ಸಜ್ಜಾ ಮೇಲೆ. ಒಂದು ಕಾಲು ಕಿಟಕಿಯಲ್ಲಿ, ಒಂದು ಕಾಲು ಆಕಾಶದಲ್ಲಿ! ಸೊಂಟಕ್ಕೆ ಬೆಲ್ಟ್ ಇಲ್ಲ, ಹಗ್ಗ ಇಲ್ಲ. ಒಳಗಿಂದ ಮನೆಯವರು "ಹುಷಾರಪ್ಪ" ಅಂತಾರೆ, ಅಷ್ಟೇ ಸೇಫ್ಟಿ. ಕೋಟಿಗಟ್ಟಲೆ ರೂಪಾಯಿಗೆ ಫ್ಲ್ಯಾಟ್ ಮಾರೋ ಬಿಲ್ಡರ್ ಸ್ವಿಮ್ಮಿಂಗ್ ಪೂಲ್ ಕೊಡ್ತಾನೆ, ಎಸಿ ಯೂನಿಟ್ ಇಡೋಕೆ ಮನುಷ್ಯ ನಿಲ್ಲೋವಂಥ ಮೂರಡಿ ಜಾಗ ಕೊಡಲ್ಲ. ನಕ್ಷೆಗೆ ಸಹಿ ಹಾಕೋ ಅಧಿಕಾರಿಗೂ ಅದು ಕಾಣಲ್ಲ. ಹೊಸ ಮನೆ ಕಟ್ತಾ ಇರೋರು, ಫ್ಲ್ಯಾಟ್ ನೋಡ್ತಾ ಇರೋರು ಇದನ್ನ ಕೇಳಿ. ಈಗಾಗಲೇ ಗೋಡೆಗೆ ನೇತು ಹಾಕಿರೋರು ಬೆಲ್ಟ್ ಇಲ್ಲದೆ ಯಾರನ್ನೂ ಹೊರಗೆ ಇಳಿಸಬೇಡಿ. ಅಪಾರ್ಟ್‌ಮೆಂಟ್ ಸಂಘದವರು ಒಂದು ಸೇಫ್ಟಿ ಬೆಲ್ಟು, ಹಗ್ಗ ಕೊಂಡು ಸೆಕ್ಯುರಿಟಿ ರೂಮಿನಲ್ಲಿ ಇಟ್ಟರೆ ಎಲ್ಲ ಮನೆಗೂ ಆಗುತ್ತೆ. ಸಂಘದ ಗಣಪತಿ ಹಬ್ಬದ ಲೈಟಿಂಗ್ ಖರ್ಚಿನ ಮುಂದೆ ಅದು ಯಾವ ಲೆಕ್ಕ.

ಕರೆಂಟ್ ಬಿಲ್ಲಿನ ಮಾತು ಬೇಗ ಮುಗಿಸ್ತೀನಿ. 2020ರ ಜನವರಿಯಿಂದ ಸ್ಟಾರ್ ಗುರುತಿನ ಎಸಿಗಳು ಆನ್ ಮಾಡಿದಾಗ 24 ಡಿಗ್ರಿಗೇ ನಿಲ್ಲಬೇಕು ಅಂತ ನಿಯಮ ಇದೆ. ನಾವು ರಿಮೋಟ್ ಹಿಡಿದ ಕೂಡಲೇ 18ಕ್ಕೆ ಇಳಿಸ್ತೀವಿ, ಬೇಗ ತಂಪಾಗಲಿ ಅಂತ. ಬೇಗ ಆಗೋದಿಲ್ಲ. ಹಳೇ ಮಾದರಿ ಎಸಿಯ ಕಂಪ್ರೆಸರ್ 18ಕ್ಕೂ ಅದೇ ವೇಗ, 24ಕ್ಕೂ ಅದೇ ವೇಗ, ನಿಲ್ಲೋದು ಮಾತ್ರ ತಡ. ಒಂದು ಡಿಗ್ರಿ ಏರಿಸಿದ್ರೆ ಸುಮಾರು ಆರು ಪರ್ಸೆಂಟ್ ವಿದ್ಯುತ್ ಉಳಿಯುತ್ತೆ ಅಂತ ಸರ್ಕಾರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತೆ. ನಮ್ಮ ರಾಜ್ಯದಲ್ಲಿ ಇದಕ್ಕೆ ಇನ್ನೊಂದು ತಿರುವಿದೆ. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದ್ರೆ ದಾಟಿದ್ದಕ್ಕಷ್ಟೇ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಸೋರ್ತಾ ಇರೋ ಎಸಿ, ಧೂಳು ಕಟ್ಟಿದ ಫಿಲ್ಟರ್ ಇದ್ರೆ ಕಂಪ್ರೆಸರ್ ನಿಲ್ಲದೇ ಓಡುತ್ತೆ, ರೂಮೂ ತಂಪಾಗಲ್ಲ. 190ರಲ್ಲಿ ನಿಲ್ಲಬೇಕಾಗಿದ್ದ ಮೀಟರು 210ಕ್ಕೆ ಹೋದ್ರೆ ಸೊನ್ನೆ ಬಿಲ್ ಹೋಗಿ ಸಾವಿರಗಳ ಬಿಲ್ ಬರುತ್ತೆ. ಆಗ ಬೆಸ್ಕಾಂ, ಜೆಸ್ಕಾಂಗೆ ಬೈದು ಪ್ರಯೋಜನ ಇಲ್ಲ.

ಹಳೇದನ್ನ ರಿಪೇರಿ ಮಾಡಿಸೋದಾ, ಹೊಸದು ತರೋದಾ ಅಂತ ಬಹಳ ಜನ ಕೇಳ್ತಾರೆ. ನನ್ನ ಅಭಿಪ್ರಾಯ ಹೇಳ್ತೀನಿ. ಸೋರ್ತಾ ಇರೋದು ನಟ್ಟು, ಪೈಪು ಆದ್ರೆ ಕಣ್ಣು ಮುಚ್ಚಿ ರಿಪೇರಿ ಮಾಡಿಸಿ. ಕಾಯಿಲೇ ತೂತಾಗಿದ್ದು, ಎಸಿ ಹತ್ತು ವರ್ಷ ದಾಟಿದ್ದು, ಒಳಗೆ ಆರ್-22 ಇದ್ರೆ ಅದಕ್ಕೆ ಇನ್ನು ದುಡ್ಡು ಸುರೀಬೇಡಿ. 2025ರ ಸೆಪ್ಟೆಂಬರ್ 22ರಿಂದ ಎಸಿ ಮೇಲಿನ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿದಿದೆ. ಆದ್ರೆ ಹೊಸದು ತಂದ ದಿನ ಹಾಕೋಕೆ ಬಂದವನ ಕೈ ನೋಡ್ತಾ ಇರಿ. ಯಾಕಂದ್ರೆ ಮುಂದಿನ ಹತ್ತು ವರ್ಷದ ಸೋರಿಕೆ ಹುಟ್ಟೋದು ಆ ಒಂದು ಗಂಟೆಯಲ್ಲಿ. ವ್ಯಾಕ್ಯೂಮ್ ಪಂಪ್ ತಂದಿದ್ದಾನಾ? ಅಥವಾ ಎಸಿಯ ಗ್ಯಾಸನ್ನೇ ಸ್ವಲ್ಪ ಬುಸ್ ಅಂತ ಹೊರಗೆ ಬಿಟ್ಟು ಪೈಪಿನ ಗಾಳಿ ಓಡಿಸ್ತಿದ್ದಾನಾ? ಎರಡನೇದು ಮಾಡಿದ್ರೆ, ಮೊದಲ ದಿನವೇ ನಿಮ್ಮ ಗ್ಯಾಸು ಗಾಳಿಗೆ. ವಾರಂಟಿ ಕಾರ್ಡನ್ನೂ ಓದಿ. 'ಹತ್ತು ವರ್ಷ' ಅಂತ ದಪ್ಪ ಅಕ್ಷರದಲ್ಲಿ ಬರೆದಿರೋದು ಸಾಮಾನ್ಯವಾಗಿ ಕಂಪ್ರೆಸರ್‌ಗೆ ಮಾತ್ರ. ಗ್ಯಾಸು, ಕಾಯಿಲ್, ಪಿಸಿಬಿ ಬೋರ್ಡ್‌ಗೆ ಎಷ್ಟು ವರ್ಷ ಅನ್ನೋದು ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತೆ. ವರ್ಷದ ಸರ್ವಿಸ್ ಕಾಂಟ್ರ್ಯಾಕ್ಟ್ ಮಾಡಿಸುವಾಗಲೂ 'ಸೋರಿಕೆ ರಿಪೇರಿ, ಗ್ಯಾಸ್ ಇದರಲ್ಲೇ ಸೇರಿದೆಯಾ' ಅಂತ ಬರಹದಲ್ಲಿ ತಗೊಳ್ಳಿ.

ಇದೆಲ್ಲ ಮಾಡಿಸೋಕೆ ಒಳ್ಳೇ ಕಾಲ ಫೆಬ್ರವರಿ. ಏಪ್ರಿಲ್‌ನಲ್ಲಿ ಒಬ್ಬ ಮೆಕ್ಯಾನಿಕ್‌ಗೆ ದಿನಕ್ಕೆ ಎಂಟು ಹತ್ತು ಮನೆ ಇರುತ್ತೆ, ಸೋಪಿನ ನೀರು ಹಚ್ಚಿ ಗುಳ್ಳೆ ಕಾಯೋ ಪುರಸೊತ್ತು ಯಾರಿಗೂ ಇರಲ್ಲ. ಫೆಬ್ರವರಿಯಲ್ಲಿ ಅವರಿಗೆ ಕೆಲಸ ಕಮ್ಮಿ, ಬಿಸಿಲೂ ಕಮ್ಮಿ. ಶಿವರಾತ್ರಿ ಹೊತ್ತಿಗೆ ಒಂದು ದಿನ ಎಸಿ ಅರ್ಧ ಗಂಟೆ ಓಡಿಸಿ ನೋಡಿ, ತಂಪು ಕಮ್ಮಿ ಅನ್ನಿಸಿದ್ರೆ ಅವತ್ತೇ ಕರೆಸಿ, ಸೋರಿಕೆ ಹುಡುಕೋದಕ್ಕೆ ಬೇರೆ ಕೂಲಿ ಕೊಡ್ತೀನಿ ಅಂತ ಮೊದಲೇ ಹೇಳಿ.